ಅಂಕಿಯಿಲ್ಲದೆ ಬಂದ ಮೆಸೇಜು

ನಮ್ಮ ಕಾನ್ವೆಂಟ್ ಹಾಸ್ಟೆಲಿನಲ್ಲಿ ಮನೆಯಿಂದ ಬಂದ ಪ್ರತಿ ಕಾಗದವನ್ನೂ ವಾರ್ಡನ್ ಸಿಸ್ಟರ್ ಒಡೆದು ಓದಿಯೇ ನಮ್ಮ ಕೈಗೆ ಕೊಡುತ್ತಿದ್ದರು. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ನೀಲಿ ಇನ್‌ಲ್ಯಾಂಡಿನ ಅಂಚನ್ನು ಚಾಕುವಿನಿಂದ ಒಪ್ಪವಾಗಿ ಸೀಳಿರುತ್ತಿದ್ದರು. ಅಮ್ಮನಿಗೆ ಅದು ಗೊತ್ತಿದ್ದುದರಿಂದ ಹೇಳಲೇಬೇಕಾದ ಮಾತನ್ನು ಅಪ್ಪನ ಕೈಲಿ ಬರೆಸದೆ, ರಜೆಗೆ ಹೋದಾಗ ಒಲೆಯ ಮುಂದೆ ಕೂರಿಸಿಕೊಂಡು ಹೇಳುತ್ತಿದ್ದಳು. ಒಡೆದ ಕಾಗದ ಒಡೆದಂತೆಯೇ ಕಾಣುತ್ತದೆ ಎಂಬುದನ್ನು ಹನ್ನೊಂದನೇ ವಯಸ್ಸಿಗೇ ಕಲಿತಿದ್ದೆ. ಫೋನಿನಲ್ಲಿ ಅದು ಹೇಗೆ ಕಾಣುತ್ತದೆ ಎಂದು ತಿಳಿದದ್ದು ಮಾತ್ರ ಈಗ, ಐವತ್ತರ ಹತ್ತಿರ ಬಂದ ಮೇಲೆ.

ನನ್ನ ತವರು ಜಗಳೂರು. ಮದುವೆಯಾಗಿ ಬಂದದ್ದು ಚನ್ನಗಿರಿಗೆ; ಮನೆಯವರದು ಇಲ್ಲಿ ಅಡಿಕೆ ಅಂಗಡಿ. ತಂಗಿಯನ್ನು ಜಗಳೂರಿನ ಹತ್ತಿರದ ಸೊಕ್ಕೆಗೆ ಕೊಟ್ಟಿದ್ದಾರೆ. ಅವಳ ಮಗಳು ಡಿಗ್ರಿ ಮುಗಿಸಿ ಈಗ ಜಗಳೂರಿಗೆ ಬಿ.ಎಡ್. ಓದಲು ಹೋಗಿಬರುತ್ತಾಳೆ. ಒಂದು ಸಲ ನಮ್ಮ ಮನೆಗೆ ಬಂದಾಗ ಆ ಹುಡುಗಿ ಕೋಣೆಯ ಚಿಲಕ ಹಾಕಿ, ಕುಪ್ಪಸದ ಅಂಚು ಸರಿಸಿ, ಎಡಪಕ್ಕೆಯ ಕೆಳಗಿನ ಒಂದು ಬಿಳಿ ಮಚ್ಚೆ ತೋರಿಸಿದಳು. ಹುಣಸೆಬೀಜದಷ್ಟಿತ್ತು.

"ಅಮ್ಮಗೆ ಹೇಳಬ್ಯಾಡ ದೊಡ್ಡಮ್ಮ," ಅಂದಳು. "ಅಕಿ ಅತ್ರೆ ನಾಕು ಬೀದಿಗೆ ಕೇಳ್ತೈತೆ."

ನಾನು ಅವಳನ್ನು ಸೀರೆ ಕೊಡಿಸುವ ನೆಪದಲ್ಲಿ ಶಿವಮೊಗ್ಗಕ್ಕೆ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತೊನ್ನು ಎಂದರು. ಅಂಟುವುದಿಲ್ಲ, ನೋಯುವುದಿಲ್ಲ, ಹೆದರಬೇಡಿ, ಮುಲಾಮು ಹಚ್ಚಿ, ತಿಂಗಳಿಂದ ತಿಂಗಳಿಗೆ ಹರಡುತ್ತಿದೆಯೇ ನೋಡಿಕೊಳ್ಳಿ ಎಂದರು. ಡಾಕ್ಟರಿಗೆ ಹೆದರಬೇಡಿ ಎನ್ನುವುದು ಸುಲಭ. ಹುಡುಗಿಯ ಅಪ್ಪನ ಸೋದರತ್ತೆಯೊಬ್ಬರಿಗೆ ಕೈಮೇಲೆ ಇದೇ ಇತ್ತು. ಆರತಿ ತಟ್ಟೆ ಅವರ ಹತ್ತಿರ ಬರುವ ಹೊತ್ತಿಗೆ ಯಾರಾದರೂ ಒಂದು ಕೆಲಸ ಹೇಳಿ ಅವರನ್ನು ಒಳಗೆ ಕಳಿಸುತ್ತಿದ್ದರು. ಅದನ್ನು ನೋಡಿಕೊಂಡೇ ಬೆಳೆದ ಹುಡುಗಿ ಇದು.

"ನನಗೆ ದಿನಾ ನೋಡಿ ನೋಡಿ ದೊಡ್ಡದಾಗೈತೋ ಇಲ್ಲೋ ಗೊತ್ತಾಗಲ್ಲ. ನಾನು ಫೋಟೋ ಕಳಿಸ್ತೀನಿ, ನೀನು ನೋಡಿ ಹೇಳು," ಎಂದು ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಹೇಳಿದಳು.

ಹಾಗೆ ಮೂರು ತಿಂಗಳಲ್ಲಿ ಮೂರು ಫೋಟೋ ಬಂದವು. ಹೋಲಿಸಿ ನೋಡಬೇಕಲ್ಲ ಎಂದು ನಾನು ಯಾವುದನ್ನೂ ಅಳಿಸಲಿಲ್ಲ. ಮೊದಲನೆಯದರಲ್ಲೂ ಮೂರನೆಯದರಲ್ಲೂ ಬರೀ ಪಕ್ಕೆ ಇತ್ತು. ಎರಡನೆಯದನ್ನು ಕನ್ನಡಿಯ ಮುಂದೆ ನಿಂತು ತೆಗೆದಿದ್ದಳು. ಮೂಲೆಯಲ್ಲಿ ಅವಳ ಅರ್ಧ ಮುಖ, ಕಿವಿಯೋಲೆ ಬಂದಿತ್ತು.

ಮೆಸೇಜು ಬಂದರೆ ನನ್ನ ಫೋನಿನಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕಿಯಲ್ಲಿ ಒಂದು ಅಂಕಿ ಮೂಡುತ್ತದೆ. ತೆರೆದು ಓದಿದರೆ ಅದು ಹೋಗುತ್ತದೆ. ಒಂದು ಬುಧವಾರ ರೊಟ್ಟಿ ತಟ್ಟುತ್ತಿದ್ದಾಗ ಫೋನು ಟಿಣ್ ಎಂದಿತು. ಕೈ ತೊಳೆದುಕೊಂಡು ಬಂದು ನೋಡಿದರೆ ಹುಡುಗಿಯ ಮೆಸೇಜು ಇತ್ತು, ಅಂಕಿ ಇರಲಿಲ್ಲ. ನಾನೇ ತೆರೆದೆನೇನೋ, ಹಿಟ್ಟಿನ ಕೈ ತಾಗಿತೇನೋ ಅಂದುಕೊಂಡೆ. ಆದರೆ ಗಾಜಿನ ಮೇಲೆ ಹಿಟ್ಟಿನ ಗುರುತಿರಲಿಲ್ಲ. ಮುಂದಿನ ವಾರ ಇನ್ನೊಮ್ಮೆ ಹಾಗೇ ಆಯಿತು. ಆಗ ಸಿಸ್ಟರ್ ಸೀಳಿದ ನೀಲಿ ಅಂಚು ನೆನಪಾಯಿತು. ನನಗಿಂತ ಮೊದಲು ಯಾರೋ ತೆರೆದಿದ್ದರು.

ಊಟಕ್ಕೆ ಕೂತಾಗ ಮನೆಯವರನ್ನು ಕೇಳಿದೆ: "ಏನ್ರೀ, ನನ್ನ ಫೋನು ಬ್ಯಾರೆ ಯಾರಾದ್ರೂ ಎಲ್ಲೋ ಕೂತು ನೋಡಾಕೆ ಆಗ್ತೈತಾ?"

"ನಿನ್ನ ಫೋನಾಗೆ ಏನೈತೆ ಮಾರಾಯ್ತಿ, ಸಾರಿನ ಪುಡಿ, ಶುಭೋದಯ. ಕಳ್ಳನಿಗೇ ನಿದ್ದಿ ಬರ್ತೈತೆ," ಎಂದು ಮಜ್ಜಿಗೆ ಕಲಸಿಕೊಂಡರು.

ಮೂರು ಫೋಟೋದ ವಿಷಯ ಅವರಿಗೂ ಹೇಳಿರಲಿಲ್ಲ. ಹುಡುಗಿ ಯಾರಿಗೂ ಬೇಡ ಎಂದಿದ್ದಳಲ್ಲ.

ಮರುದಿನ ಮನೆಯವರು ಅಡಿಕೆ ನೋಡಲು ನ್ಯಾಮತಿಗೆ ಹೋದರು. ನಾನು ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ಮೆಸೇಜು ಬರುವ ಆ್ಯಪಿನ ಸೆಟ್ಟಿಂಗನ್ನೆಲ್ಲ ಒಂದೊಂದೇ ಸಾಲು ಓದಿದೆ. ಇನ್ನೆಲ್ಲೆಲ್ಲಿ ಜೋಡಿಸಿದೆ ಎಂದು ತೋರಿಸುವ ಜಾಗದಲ್ಲಿ ಒಂದು ಕಂಪ್ಯೂಟರಿನ ಚಿತ್ರವಿತ್ತು. ಕೆಳಗೆ, ಇಂದು ಹನ್ನೊಂದು ಇಪ್ಪತ್ತಕ್ಕೆ ಬಳಕೆಯಲ್ಲಿತ್ತು ಎಂದಿತ್ತು. ಗಡಿಯಾರ ನೋಡಿದೆ. ಹನ್ನೊಂದೂವರೆ.

ಆಗ ನೆನಪಾಯಿತು. ಹಿಂದಿನ ಕೊಯ್ಲಿನಲ್ಲಿ ಮನೆಯವರ ಫೋನು ಯಾರದೋ ಕಣದಲ್ಲಿ ಅಡಿಕೆ ಬೇಯಿಸುವ ಹಂಡೆಗೆ ಬಿದ್ದಿತ್ತು. ದಿನಾ ಬೆಳಿಗ್ಗೆ ರೈತರಿಗೆ ರೇಟು ಕಳಿಸಬೇಕು. ಹೊಸ ಫೋನು ಬರುವತನಕ ನನ್ನ ನಂಬರಿನಿಂದ ಕಳಿಸೋಣ ಎಂದರು. ಅಂಗಡಿಯ ಗುಮಾಸ್ತರು ಕಂಪ್ಯೂಟರಿನ ಮೇಲೆ ಕಪ್ಪು-ಬಿಳಿ ಚುಕ್ಕಿಗಳ ಒಂದು ಚೌಕದ ಚಿತ್ರ ತಂದು, "ಅಕ್ಕಾರೆ, ಇದರ ಮುಂದೆ ಫೋನು ಹಿಡೀರಿ, ಆರತಿ ಹಿಡ್ದಂಗೆ, ಅಷ್ಟೇ," ಎಂದಿದ್ದರು. ನಾನು ಎರಡು ಕೈಯಲ್ಲಿ ಹಿಡಿದಿದ್ದೆ. ನಾಲ್ಕು ದಿನದ ಕೆಲಸ. ಹೊಸ ಫೋನು ಬಂತು, ನನ್ನದನ್ನು ಬಿಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೂ ನನಗೆ ಆಗಾಗ ಯಾರ್ಯಾರೋ ಅಂಗೈಯಲ್ಲಿ ಅಡಿಕೆ ಇಟ್ಟುಕೊಂಡ ಫೋಟೋ ಕಳಿಸುತ್ತಿದ್ದರು. ತಪ್ಪಿ ಬಂದಿದೆ ಎಂದು ಬಿಡುತ್ತಿದ್ದೆ. ಈಗ ತೆರೆದು ನೋಡಿದರೆ ಪ್ರತಿಯೊಂದಕ್ಕೂ ನಾನೇ ಉತ್ತರ ಕೊಟ್ಟಿದ್ದೆ: 'ಒಣಗಿಲ್ಲ', 'ಸೋಮವಾರ ತನ್ನಿ', 'ಚೀಲ ಕಳಿಸ್ತೀವಿ'. ನನ್ನ ಹೆಸರಿನಲ್ಲಿ, ನಾನು ಆಡದ ಮಾತು.

ಮನೆಯಲ್ಲೇ ಕೂತು ಅಲ್ಲಿಂದ ಬಿಡಿಸಬಹುದಿತ್ತು, ಒಂದೇ ಗುಂಡಿ. ಆದರೆ ಬಿಡಿಸಿದರೆ ಏನೇನು ತೆರೆದಿತ್ತು ಎಂದು ಎಂದಿಗೂ ತಿಳಿಯುವುದಿಲ್ಲ. ಸೆರಗು ಹೊದ್ದು ಅಂಗಡಿಗೆ ನಡೆದೆ.

ಗುಮಾಸ್ತರು ಇಪ್ಪತ್ತು ವರ್ಷದಿಂದ ನಮ್ಮಲ್ಲಿರುವವರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದಾರೆ. ಮುಂದಿನ ಬೆಂಚಿನ ಮೇಲೆ ಹೊನ್ನಾಳಿ ಕಡೆಯ ರೈತರೊಬ್ಬರು ಕೂತಿದ್ದರು. ಕಂಪ್ಯೂಟರಿನ ಮುಖ ಬೆಂಚಿನ ಕಡೆಗೇ ಇದೆ, ರೇಟು ಎಲ್ಲರಿಗೂ ಕಾಣಲಿ ಎಂದು. ಅದನ್ನು ಎಷ್ಟೋ ಸಲ ನೋಡಿದ್ದೆ. ಆ ದಿನ ಬೆಂಚಿನ ಪಕ್ಕ ನಿಂತು, ಅಲ್ಲಿಂದ ಏನೇನು ಕಾಣುತ್ತದೆ ಎಂದು ನೋಡಿದೆ.

"ಅಮ್ಮಾರೇ ಬಂದಾರೆ ಅಂದ್ರೆ ಇವತ್ತು ರೇಟು ಏರ್ತೈತೆ," ಎಂದರು ಬೆಂಚಿನ ಮೇಲಿದ್ದವರು.

"ನಿನ್ನ ಅಡಿಕೆ ನೋಡಿದ್ರೆ ಅಮ್ಮಾರು ಹಂಗೇ ವಾಪಸ್ ಹೋಗ್ತಾರೆ, ಸುಮ್ನೆ ಕೂತ್ಕ," ಎಂದು ಗುಮಾಸ್ತರು ಸ್ಟೂಲು ಎಳೆದರು. "ಕೂರ್ರಿ ಅಕ್ಕಾರೆ."

"ನನ್ನ ನಂಬರು ಇನ್ನೂ ಇದರಾಗೈತಂತಲ್ರೀ," ಅಂದೆ. ಧ್ವನಿ ನೆಟ್ಟಗಿರಲಿ ಎಂದು ಮೇಜಿನ ಅಂಚು ಹಿಡಿದುಕೊಂಡಿದ್ದೆ.

"ಐತ್ರೀ. ಅರ್ಧ ಜನ ಇನ್ನೂ ನಿಮ್ಮ ನಂಬರಿಗೇ ಕಳಿಸ್ತಾರೆ. ಹಂಗಾಗಿ ತೆಗೀಲಿಲ್ಲ." ಆಮೇಲೆ ಏನೋ ಒಳ್ಳೆಯ ಸುದ್ದಿ ನೆನಪಾದವರಂತೆ ನಕ್ಕರು. "ಅಂದಂಗೆ, ನಿಮ್ಮ ತಂಗ್ಯಾರಿಗೆ ಉಚ್ಚೆಳ್ಳು ಚಟ್ನಿಪುಡಿ ಮಾಡಾದು ವಾಯ್ಸ್ ಮೆಸೇಜಾಗೆ ಹೇಳಿ ಕಳ್ಸಿದ್ರಲ್ಲ, ಅದನ್ನ ಕೇಳಿ ನಮ್ಮ ಮನಿಯಾಕೆಗೂ ಹೇಳ್ದೆ. ಅಕಿ ಜಾಸ್ತಿ ಹುರಿದು ಕಹಿ ಮಾಡಿಟ್ಲು, ಅದು ಬ್ಯಾರೆ ಮಾತು."

ರೈತರು ನಕ್ಕರು. ನಾನೂ ನಕ್ಕೆನೋ ಏನೋ. ಗುಮಾಸ್ತರ ಮುಖದಲ್ಲಿ ಯಾವ ಕಪಟವೂ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. ಚಟ್ನಿಪುಡಿ ಕೇಳಿಸಿಕೊಂಡವರು ಇನ್ನೇನು ನೋಡಿದ್ದಾರೆ? ಕೇಳುವಂತಿರಲಿಲ್ಲ. ನೋಡಿರದಿದ್ದರೆ, ಕೇಳಿದ್ದರಿಂದಲೇ ಹುಡುಕಿ ನೋಡಿಯಾರು.

"ಒಂದು ನಿಮಿಷ ನಾನು ನೋಡ್ತೀನಿ," ಎಂದು ಮೌಸು ತೆಗೆದುಕೊಂಡೆ. ಬೆಂಚಿಗೆ ಬೆನ್ನು ಮಾಡಿ, ಸೆರಗನ್ನು ಎರಡೂ ಭುಜದ ಮೇಲೆ ಅಗಲ ಮಾಡಿ ಪರದೆಯನ್ನು ಮರೆ ಮಾಡಿಕೊಂಡು, ಹುಡುಗಿಯ ಹೆಸರು ಒತ್ತಿದೆ. ಮೇಲಕ್ಕೆ ಸರಿಸಿದೆ. ಮೂರನೆಯ ಫೋಟೋ ಮಂಜು ಹಿಡಿದ ಗಾಜಿನಂತೆ ಮಸುಕಾಗಿದ್ದು, ನಾನು ನೋಡುನೋಡುತ್ತಿದ್ದಂತೆ ತಿಳಿಯಾಯಿತು. ಅಂದರೆ ಇಲ್ಲಿ ಮೊದಲ ಸಲ ತೆರೆದವಳು ನಾನೇ. ಮೊದಲನೆಯದೂ ಹಾಗೇ. ಎರಡನೆಯದು ಮಾತ್ರ, ಕನ್ನಡಿ, ಅರ್ಧ ಮುಖ, ಕಿವಿಯೋಲೆ, ಮೊದಲಿಂದಲೇ ಸ್ವಚ್ಛವಾಗಿ ಕಾಣುತ್ತಿತ್ತು.

ಫೋನು ತೆಗೆದು ಅಲ್ಲೇ ನಿಂತು ಬಿಡಿಸಿದೆ. ಪರದೆ ಬೆಳ್ಳಗಾಗಿ ಮತ್ತೆ ಆ ಚೌಕ ಬಂತು.

"ಇನ್ಮೇಲೆ ಯಜಮಾನ್ರ ನಂಬರಿಂದಲೇ ಕಳಿಸ್ರಿ," ಅಂದೆ.

"ಆಯ್ತು ಬಿಡ್ರಿ," ಎಂದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಹುಡುಗಿಗೆ ಹೇಳಬೇಕಿತ್ತು. ಮೆಸೇಜು ಬರೆಯಲು ಬೆರಳು ಏಳಲಿಲ್ಲ. ಫೋನು ಮಾಡಿದರೆ ತಂಗಿ ಪಕ್ಕದಲ್ಲೇ ಇರುತ್ತಾಳೆ. ಭಾನುವಾರ ಬೆಳಿಗ್ಗೆ ದಾವಣಗೆರೆ ಬಸ್ಸು ಹತ್ತಿ, ಅಲ್ಲಿಂದ ಜಗಳೂರು, ಅಲ್ಲಿಂದ ಸೊಕ್ಕೆಗೆ ಹೋದೆ. ಬಸ್ಸಿನಲ್ಲಿ ಪಕ್ಕದವರು ತಮ್ಮ ಫೋನನ್ನು ಎತ್ತಿ ಹಿಡಿದರೆ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು.

ತಂಗಿ ಅಂಗಳದಲ್ಲಿ ಶೇಂಗಾ ಒಣಗಹಾಕುತ್ತಿದ್ದಳು. "ಫೋನಾಗೆ ಮಾತಾಡೋದು ಬಿಟ್ಟು ಮೂರು ಬಸ್ಸು ಹತ್ತಿ ಬಂದೀಯಲ್ಲಕ್ಕ, ರೀಚಾರ್ಜು ಮುಗೀತಾ?"

"ನಿನ್ನ ಮುಖ ನೋಡಿ ಬಾಳ ದಿನ ಆಗಿತ್ತು," ಅಂದೆ.

"ನೋಡ್ಕ, ಹಂಗೇ ಐತೆ," ಎಂದು ಚಹಾ ಇಡಲು ಒಳಗೆ ಹೋದಳು.

ಹುಡುಗಿಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಚೌಕದ ಮುಂದೆ ಫೋನು ಹಿಡಿದದ್ದು, ಅಂಕಿ ಇಲ್ಲದ್ದು, ಚಟ್ನಿಪುಡಿ. ಎರಡು ಫೋಟೋ ಯಾರೂ ತೆರೆದಿರಲಿಲ್ಲ, ಒಂದು ತೆರೆದಿತ್ತು ಎಂದೆ.

"ಯಾವುದು?"

ಸುಳ್ಳು ಹೇಳಬಹುದು ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು. "ಕನ್ನಡಿದು," ಅಂದೆ.

ಅವಳು ಕಿವಿಯೋಲೆಯನ್ನು ಮುಟ್ಟಿಕೊಂಡಳು, ಬಿಚ್ಚಿದಳು, ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಆ ಗುಮಾಸ್ತರು ನಮ್ಮನಿಗೆ ಬಂದಿದ್ರು ದೊಡ್ಡಮ್ಮ, ಅಜ್ಜನ ತಿಥಿಗೆ. ನಾನೇ ಊಟ ಬಡಿಸಿದ್ದೆ. ನನ್ನ ಗುರುತು ಹಿಡೀತಾರೆ."

"ನೋಡಿದ್ರೋ ಇಲ್ಲೋ ಗೊತ್ತಿಲ್ಲ ಮಗಾ. ಕೈ ತಾಗಿ ತೆರೆದಿರಬಹುದು."

"ಕೈ ತಾಗಿದ್ರೂ ಕಣ್ಣು ಇರ್ತಾವಲ್ಲ," ಅಂದಳು. ಆಮೇಲೆ ನನ್ನ ಫೋನು ಇಸಿದುಕೊಂಡು ಮೂರೂ ಫೋಟೋ ಅಳಿಸಿ, ತನ್ನದರಲ್ಲೂ ಅಳಿಸಿದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ಚಿಲಕ ಹಾಕಿ, "ಇನ್ಮ್ಯಾಲೆ ಕಳಿಸಲ್ಲ. ಬಂದು ನೋಡು," ಎಂದು ಕುಪ್ಪಸದ ಅಂಚು ಸರಿಸಿದಳು. ನಾನು ಹೆಬ್ಬೆರಳನ್ನು ಮಚ್ಚೆಯ ಪಕ್ಕ ಇಟ್ಟು ಅಳೆದೆ. ಉಗುರಿಗಿಂತ ಒಂದು ಎಳೆ ದೊಡ್ಡದಾಗಿತ್ತು. ಹಾಗೆಂದೆ. ಹೊರಗಿನಿಂದ ತಂಗಿ ಚಹಾ ಆರ್ತೈತೆ ಎಂದು ಕೂಗಿದಳು.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಯಾವ ಮೆಸೇಜು ಬಂದರೂ ಮೊದಲು ಅಂಕಿ ಇದೆಯೇ ನೋಡುತ್ತೇನೆ, ಆಮೇಲೆ ಹೆಸರು. ದಿನಕ್ಕೆರಡು ಸಲ ಆ ಜೋಡಣೆಯ ಜಾಗ ತೆರೆಯುತ್ತೇನೆ. ಯಾವ ಕಂಪ್ಯೂಟರೂ ಇಲ್ಲ. ಇಲ್ಲ ಎಂದು ನೋಡಿದ ಐದು ನಿಮಿಷಕ್ಕೆ ಮತ್ತೆ ನೋಡಬೇಕೆನಿಸುತ್ತದೆ.

ಮೊನ್ನೆ ಗುಮಾಸ್ತರು ಅಂಗಡಿಯ ಬೀಗದ ಕೈ ಕೊಡಲು ಮನೆಗೆ ಬಂದಿದ್ದರು. ನೀರು ತಂದುಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, ದಾರ ಸುತ್ತಿದ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ನಿಮ್ಮ ತಂಗಿ ಮಗಳು ಆರಾಮದಾಳೇನ್ರೀ ಅಕ್ಕಾರೆ?"

ಇದನ್ನು ಅವರು ಮೊದಲೂ ಕೇಳುತ್ತಿದ್ದರೇ? ಇಪ್ಪತ್ತು ವರ್ಷವನ್ನು ತಡಕಾಡಿದೆ, ನೆನಪಾಗಲಿಲ್ಲ. ಲೋಟ ಎತ್ತಿಕೊಳ್ಳಲು ಬಗ್ಗಿದೆ, ಮುಖ ಕಾಣದಿರಲಿ ಎಂದು.

"ಆರಾಮದಾಳೆ," ಅಂದೆ.