ಬೈಂಡರಣ್ಣ ಸಾಕಿದ ಎಮ್ಮೆ

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರಣ್ಣ ಅನ್ನ ಮುಟ್ಟುವುದಿಲ್ಲ ಎಂಬುದು ಆ ಪ್ರೆಸ್ಸಿನಲ್ಲಿ ಸೂರ್ಯಚಂದ್ರರಷ್ಟೇ ಸತ್ಯವಾಗಿತ್ತು. ಇಷ್ಟು ವರ್ಷಗಳಲ್ಲಿ ಅವರ ಬಾಯಿಗೆ ತುತ್ತು ಹೋದದ್ದನ್ನು ಕಂಡ ಕಣ್ಣಿಲ್ಲ. ಅಂಟಿನ ವಾಸನೆ ಕುಡಿದೇ ಬದುಕಿದ್ದಾರೆ ಎಂದು ಕೆಲವರು. ಹಿಂದಿನ ಜನ್ಮದ ತಪಸ್ವಿ, ಬಾಕಿ ತಪಸ್ಸು ಇಲ್ಲಿ ತೀರಿಸುತ್ತಿದ್ದಾರೆ ಎಂದು ಕಾಗದ ಕತ್ತರಿಸುವ ಮೇಸ್ತ್ರಿ. ಮದುವೆ ಮನೆಯಲ್ಲೂ ಊಟಕ್ಕೆ ಕರೆಯುವ ಹೊತ್ತಿಗೆ ಅವರು ಮಾಯ.

ಅಸಲಿ ಸಂಗತಿ ಇಷ್ಟೇ. ಹೊಸ ಅಳಿಯನಾಗಿ ಮಾವನ ಮನೆಯಲ್ಲಿ ಉಣ್ಣುತ್ತಿದ್ದಾಗ ಹೆಂಡತಿಯ ತಮ್ಮ ಅಂದಿದ್ದ: "ಭಾವ ಅಗಿಯೋದು ಕೇಳಿದ್ರೆ ಎಮ್ಮೆ ಕೆಸರಲ್ಲಿ ನಡೆದ ಹಾಗಿದೆ!" ಮನೆ ತುಂಬ ನಗು. ಅಂದವನು ಸಂಜೆಗೇ ಮರೆತ. ಭಾವ ಮಾತ್ರ ಆ ಎಮ್ಮೆಯನ್ನು ಜೀವಮಾನವೆಲ್ಲ ಸಾಕಿದರು.

ಮಧ್ಯಾಹ್ನ ಯಂತ್ರಗಳು ಬಾಯಿ ಮುಚ್ಚುತ್ತಿದ್ದಂತೆ, ಡಬ್ಬಿಯನ್ನು ಬಗಲಲ್ಲಿ ಅಡಗಿಸಿಕೊಂಡು ಮೇಲಿನ ಕಾಗದದ ಗೋದಾಮಿಗೆ ಹತ್ತುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಒಂದೇ ತಟ್ಟೆ. ಕೆಳಗಿನ ನಗು ಹಲಗೆಯ ಸಂದಿಯಿಂದ ಮೇಲೆ ಬರುತ್ತಿತ್ತು. ಯಾಕೆ ನಗುತ್ತಿದ್ದಾರೆ ಎಂಬುದು ಬರುತ್ತಿರಲಿಲ್ಲ.

ಒಂದು ದಿನ ತುತ್ತು ಗಂಟಲಲ್ಲಿ ಸಿಕ್ಕಿತು. ಕೆಮ್ಮಿ, ಕಣ್ಣು ಮೇಲಾಗಿ, ಎದೆ ಗುದ್ದಿಕೊಂಡು ಹೇಗೋ ಉಳಿದರು. ಬೆನ್ನು ಸವರಲು ಅಲ್ಲಿದ್ದದ್ದು ಕಾಗದದ ಬಂಡಲುಗಳು. ಸತ್ತಿದ್ದರೆ, ಮುಂದಿನ ಪುಸ್ತಕಕ್ಕೆ ಕಾಗದ ಬೇಕಾಗುವ ತನಕ ಯಾರೂ ಹತ್ತಿ ಬರುತ್ತಿರಲಿಲ್ಲ.

ಮರುದಿನ ನಮ್ಮ ಮಹಾವೀರ ಬೈಂಡರಣ್ಣ ಡಬ್ಬಿ ಹಿಡಿದು ಕೆಳಗಿನ ಊಟದ ಮೇಜಿನ ಮೇಲೆ ದಂಡೆತ್ತಿ ಹೊರಟರು. ಕೂತರು. ಮೊದಲ ತುತ್ತು ಅಗಿದರು. ಅವರ ಕಿವಿಗೆ ಎಮ್ಮೆಯ ಹಿಂಡೇ ಕೆರೆಗಿಳಿದಂತೆ ಕೇಳಿಸಿತು. ಕಣ್ಣು ಮುಚ್ಚಿ ತೀರ್ಪಿಗೆ ಕಾದರು.

"ನನ್ನ ಸೊಸೆ ಇದಾಳಲ್ಲ, ಬಾಗಿಲು ಹಾಕೋದು ಅಂದ್ರೆ ಮನೇನೇ ಬೀಳಿಸ್ತಾಳೆ," ಎನ್ನುತ್ತಿದ್ದರು ಹಾಳೆ ಮಡಚುವ ಅಕ್ಕ. ಮೇಸ್ತ್ರಿ ಸೌತೆಕಾಯಿ ಕಡಿಯುವ ಸದ್ದಿನಲ್ಲಿ ಆ ಮಾತೂ ಅರ್ಧ ಮುಳುಗಿತು. ಯಾರೂ ಇತ್ತ ತಿರುಗಲಿಲ್ಲ. ಬೈಂಡರಣ್ಣನಿಗೆ ತುಸು ಅವಮಾನವೇ ಆಯಿತು.

ಎರಡನೇ ತುತ್ತಿಗೆ ಅಕ್ಕನ ಕಣ್ಣು ಬಿತ್ತು. "ಅಯ್ಯೋ, ತಪಸ್ಸು ಕೆಟ್ಟೋಯ್ತು ನೋಡ್ರಪ್ಪ! ಏನಣ್ಣ, ಯಾವ ಅಪ್ಸರೆ ಬಂದಿದ್ಲು?"

ಮೇಜಿಗೆ ಮೇಜೇ ನಕ್ಕಿತು. ಎದ್ದು ಓಡು ಎಂದಿತು ಕಾಲು. ಅವರು ಏಳಲಿಲ್ಲ. ಬಾಯಲ್ಲಿದ್ದದ್ದನ್ನು ಸದ್ದಾಗುವಂತೆಯೇ ಅಗಿದು, ನುಂಗಿ, ಹೇಳಿದರು:

"ಒಬ್ಬನೇ ತಿಂದು ತಿಂದು ಬೇಜಾರಾಯ್ತು, ಅಕ್ಕ."