ಎರಡನೆಯ ಸಲ ಬಂದ ಲಿಫ್ಟ್

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿ ಹತ್ತಿರದ ಕಲ್ಯಾಣದ ಒಂದು ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಹಳೆಯ ಹಿಂದಿ ಚಿತ್ರಗಳನ್ನು ಹಾಕುತ್ತಿದ್ದರು. ಅಲ್ಲಿ ಅಕ್ಕನೊಂದಿಗೆ ನಾನೊಂದು ಕಪ್ಪು-ಬಿಳುಪು ಭೂತದ ಚಿತ್ರ ನೋಡಿದೆ. ಅದರಲ್ಲಿ ಒಂದು ಖಾಲಿ ಕಟ್ಟಡ, ಜಾಲರಿ ಬಾಗಿಲಿನ ಲಿಫ್ಟ್. ಯಾರೂ ಗುಂಡಿ ಒತ್ತದೆ ಅದು ಕೆಳಗಿಳಿದು ನಾಯಕಿಯ ಮುಂದೆ ನಿಲ್ಲುತ್ತದೆ. ಒಳಗಿನ ಮೂಲೆಯಲ್ಲಿ ಬಿಳಿ ಸೀರೆಯ ಹೆಂಗಸು, ಮುಖ ಗೋಡೆಯ ಕಡೆಗೆ. ನಾಯಕಿ ಹತ್ತಿಯೇ ಬಿಡುತ್ತಾಳೆ. ಅಕ್ಕನ ಉಗುರು ನನ್ನ ಮುಂಗೈಯಲ್ಲಿ ಊರಿತು.

ಉಡುಪಿಯ ನಮ್ಮ ಮನೆಯಲ್ಲಿ ಮುಸ್ಸಂಜೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓಗೊಡುವ ಪದ್ಧತಿ ಇರಲಿಲ್ಲ. ಭೂತ ಒಂದೇ ಸಲ ಕರೆಯುತ್ತದೆ, ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ ಎಂಬ ನಂಬಿಕೆ.

"ಅವಳು ಕಾಯ್ಬೇಕಿತ್ತು. ಬಂದ ಕೂಡ್ಲೆ ಹತ್ತುದಾ?" ಎಂದಳು ಅಕ್ಕ, ಹೊರಗೆ ಬಂದು.

ನಾನಾಗ ಡೊಂಬಿವಲಿಯಲ್ಲಿದ್ದು ಒಂದು ಕನ್ನಡ ಪತ್ರಿಕೆಯ ಸುದ್ದಿಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಗಿನ ಆಟಗಳ ಬಗ್ಗೆ ಬರೆದ ಟಿಪ್ಪಣಿಯಲ್ಲಿ ಆ ಹೆಂಗಸನ್ನೂ ಸೇರಿಸಿದೆ. ಅಚ್ಚಾಯಿತು.

ಅಂದಿನಿಂದ ಅಕ್ಕ ಲಿಫ್ಟ್ ಹತ್ತಲಿಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಅಕ್ಕ-ಭಾವ ಇದ್ದ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ವರ್ಷಗಟ್ಟಲೆ ತಮ್ಮ ಹೋಟೆಲಿನಲ್ಲಿ ನಿಂತು ಭಾವನ ಮೊಣಕಾಲುಗಳು ಸೋತವು. ಮೂರನೆಯ ಮಹಡಿಯ ಮನೆಗೆ ಹತ್ತುವಷ್ಟರಲ್ಲಿ ಎರಡು ಕಡೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರ ಮಗಳು ನವಿ ಮುಂಬಯಿಯ ಖಾರಘರದಲ್ಲಿ ಒಂಬತ್ತನೆಯ ಮಹಡಿಯ ಫ್ಲ್ಯಾಟ್ ನೋಡಿ ಬಂದಳು.

"ಒಂಬತ್ತು ಮಾಳಿಗೆ ನಾನು ನಡ್ಕೊಂಡು ಹತ್ತುದಾ?" ಎಂದಳು ಅಕ್ಕ.

"ಹತ್ತು ಮಾರಾಯ್ತಿ. ಐದನೇ ಮಾಳಿಗೆಗೆ ಚಾ ಕಳಿಸ್ತೇನೆ," ಎಂದರು ಭಾವ.

ಅಕ್ಕ ಒಪ್ಪಲಿಲ್ಲ. ಭಾವ ಮತ್ತೆ ಒತ್ತಾಯಿಸಲಿಲ್ಲ; ಹೋಟೆಲಿಗೆ ಹೋಗುವುದನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದರು.

ಅದೇ ವರ್ಷ, ಆ ಚಿತ್ರದ ಮೂಲ ನೆಗೆಟಿವ್ ಹುಡುಕಿ ಶುಚಿಗೊಳಿಸಿ ಮತ್ತೆ ಬಿಡುಗಡೆ ಮಾಡುತ್ತಿರುವ ಸುದ್ದಿ ನನ್ನ ಮೇಜಿಗೆ ಬಂತು. ಅಷ್ಟು ಹಳೆಯ ಹೆದರಿಕೆ ಇನ್ನೂ ಕೆಲಸ ಮಾಡುತ್ತದೆಯೇ ಎಂದು ನೋಡುವ ಕುತೂಹಲ ನನಗಿತ್ತು. ಇನ್ನೊಮ್ಮೆ ನೋಡಿದರೆ ಅಕ್ಕನ ಭಯ ಇಳಿದೀತು ಎಂಬ ಲೆಕ್ಕಾಚಾರವೂ ಇತ್ತು. ತಾಯಿ ಮಗಳಿಬ್ಬರನ್ನೂ ನವಿ ಮುಂಬಯಿಯ ಮಲ್ಟಿಪ್ಲೆಕ್ಸಿಗೆ ಮಧ್ಯಾಹ್ನದ ಆಟಕ್ಕೆ ಕರೆದೊಯ್ದೆ.

ಲಿಫ್ಟ್ ಇಳಿದು ಬಂತು. ಜಾಲರಿಯ ಒಂದೊಂದು ಸರಳೂ ಸ್ಪಷ್ಟ. ಒಳಗೆ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಅಷ್ಟು ಹೊತ್ತು ನಗುತ್ತಿದ್ದ ಕಾಲೇಜಿನ ಗುಂಪು ಮಾತು ನಿಲ್ಲಿಸಿತು.

"ಆ ಹೆಂಗ್ಸು ಎಲ್ಲಿ?" ಆಟ ಮುಗಿದ ಮೇಲೆ ಅಕ್ಕನ ಮೊದಲ ಪ್ರಶ್ನೆ.

"ಮಮ್ಮೀ, ಪುರಾನಾ ಪ್ರಿಂಟ್ ಖರಾಬ್ ಹೋಗಾ. ದಾಗ್ ಥಾ, ಬಸ್," ಎಂದಳು ಮಗಳು. ಹಳೆಯ ಪ್ರಿಂಟಿನ ಕಲೆ, ಅಷ್ಟೇ ಎಂಬುದು ಅವಳ ವಾದ.

"ನಿನ್ನ ಮಾಮನೂ ಕಂಡಿದ್ದಾನೆ. ಪೇಪರಿನಲ್ಲಿ ಬರ್ದಿದ್ದಾನೆ."

ಕಂಡದ್ದು ನಿಜ, ಬರೆದದ್ದೂ ನಿಜ. ಕಲ್ಯಾಣದ ಆ ಟಾಕೀಸಿನ ನಿವೃತ್ತ ಪ್ರೊಜೆಕ್ಟರ್ ಆಪರೇಟರನ್ನು ಹುಡುಕಿ ಕೇಳಿದೆ. ಆ ರೀಲಿಗೆ ನೀರು ತಗುಲಿ ಬಿಳಿ ಕಲೆ ಬಿದ್ದಿತ್ತಂತೆ. ಎಲ್ಲರೂ ಹೆದರುತ್ತಿದ್ದದ್ದು ಅದನ್ನು ನೋಡಿಯೇ, ಆದ್ದರಿಂದ ಯಾರಿಗೂ ಹೇಳಲಿಲ್ಲ ಎಂದು ನಕ್ಕರು. ಅಕ್ಕನಿಗೆ ಫೋನಿನಲ್ಲಿ ತಿಳಿಸಿದೆ.

"ಸರಿ, ಕಲೆ. ಆದ್ರೆ ಖಾಲಿ ಲಿಫ್ಟ್ ತನ್ನಷ್ಟಕ್ಕೇ ಬಂತಲ್ಲ? ಅದು ಕಲೆ ಅಲ್ಲ ಅಲ್ವಾ?" ಎಂದಳು.

ಕೊನೆಗೆ ಅಕ್ಕನೇ ಒಂದು ದಾರಿ ಕಂಡುಕೊಂಡಳು. ಮಳೆಗಾಲ ಮುಗಿದ ಮೇಲೆ ಅವರು ಖಾರಘರದ ಫ್ಲ್ಯಾಟಿಗೆ ಮನೆ ಬದಲಿಸಿದರು.

ನಾನು ಮೊದಲ ಸಲ ಹೋದ ದಿನ ಇಬ್ಬರೂ ತರಕಾರಿ ತಂದು ಕೆಳಗೆ, ಹೌಸಿಂಗ್ ಸೊಸೈಟಿಯ ಲಿಫ್ಟಿನ ಮುಂದೆ ನಿಂತಿದ್ದರು. ಲಿಫ್ಟ್ ಬಂದು ಬಾಗಿಲು ತೆರೆಯಿತು. ಅಕ್ಕ ಕೈ ಮಾತ್ರ ಒಳಗೆ ಚಾಚಿ, ಒಂಬತ್ತರ ಗುಂಡಿ ಒತ್ತಿ, ಖಾಲಿ ಲಿಫ್ಟನ್ನು ಮೇಲೆ ಕಳಿಸಿದಳು. ಮತ್ತೆ ಕರೆದಳು.

"ಅದೇ ಲಿಫ್ಟ್ ಅಲ್ವಾ ಅಕ್ಕ, ವಾಪಸ್ ಬರುದು?"

"ಅದೇ. ಎರಡನೇ ಸಲ ಬಂದ್ರೆ ಅದು ಸೊಸೈಟಿಯದ್ದು."

ಭಾವ ಕೋಲೂರಿಕೊಂಡು ಪಕ್ಕದಲ್ಲಿದ್ದರು. ಮೊದಲನೆಯದಕ್ಕೆ ಅವರೂ ಹತ್ತಿರಲಿಲ್ಲ.