ತಾಮ್ರದ ನೀರಿಗೆ ಬಿದ್ದ ಹತ್ತು ಪೈಸೆ

ಹೊಸಪೇಟೆಯ ಬಿಸಿಲಿನಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುವುದೆಂದರೆ ಒಲೆ ಮುಂದೆ ಕೂತಂತೆ. ಅದಿರು ಲಾರಿಗಳ ಕೆಂಪು ಧೂಳು ಫ್ಯಾನಿಗೆ ಮೆತ್ತಿ ಮೆತ್ತಿ ನನ್ನ ಕಂಪ್ಯೂಟರು ಬೇಸಿಗೆಗೊಮ್ಮೆ ಪ್ರಾಣ ಬಿಡುತ್ತಿತ್ತು. ಸಾಕಾಗಿಹೋಗಿ, ಅದನ್ನು ನೀರಿನಿಂದ ತಂಪು ಮಾಡುವ ವ್ಯವಸ್ಥೆ ಕೂಡಿಸಿದೆ. ಪ್ರೊಸೆಸರ್ ಮೇಲೊಂದು ತಾಮ್ರದ ಬಿಲ್ಲೆ, ಅದರೊಳಗೆ ಕೂದಲೆಳೆಯಂಥ ಸಂದುಗಳು. ಪಂಪು ದೂಡಿದ ನೀರು ಆ ಸಂದುಗಳಲ್ಲಿ ಹರಿದು, ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಮರಳುತ್ತದೆ.

ಇದಕ್ಕೆ ಇರುವುದು ಒಂದೇ ಪಥ್ಯ. ತಾಮ್ರ ಇರುವ ನೀರಿನಲ್ಲಿ ಅಲ್ಯೂಮಿನಿಯಂ ಇರಕೂಡದು. ಎರಡೂ ಕೂಡಿದರೆ ಅಲ್ಯೂಮಿನಿಯಂ ಸವೆದು, ಬಿಳಿ ಲೋಳೆಯಾಗಿ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ. ಕಂಪ್ಯೂಟರ್ ಅಂಗಡಿಯವನು ಅಲ್ಯೂಮಿನಿಯಂ ರೇಡಿಯೇಟರನ್ನು ತಲೆಗೆ ಕಟ್ಟಲು ನೋಡಿದಾಗ ಜಗಳ ಮಾಡಿ ತಾಮ್ರದ್ದೇ ತರಿಸಿದೆ. ಡಿಸ್ಟಿಲ್ಡ್ ವಾಟರ್ ಹಾಕಿದೆ, ಲೋಹ ಸವೆಯದಂತೆ ತಡೆಯುವ ದ್ರಾವಣ ಬೆರೆಸಿದೆ. ನೀರು ತುಂಬುವ ಪ್ಲಾಸ್ಟಿಕ್ ಡಬ್ಬಿ ಸೋರಿದಾಗ ಹಿತ್ತಾಳೆಯದನ್ನೇ ಮಾಡಿಸಿದೆ, ದುಂಡಗೆ, ಮೇಲೊಂದು ತಿರುಗಿಸುವ ಮುಚ್ಚಳ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಾಘದಲ್ಲಿ ಸಂಡೂರಿನದೊಂದು ಮದುವೆ ತೆಗೆದೆ. ಮದುಮಗಳನ್ನು ಸಾಕಿದ ಅಜ್ಜಿ ಹಾಸಿಗೆ ಹಿಡಿದಿದ್ದರು, ಮದುವೆಗೆ ಬರಲಾಗಿರಲಿಲ್ಲ. ಮದುಮಗಳ ತಂದೆ ದಿನಾ ಫೋನು ಮಾಡುತ್ತಿದ್ದರು.

"ಜಲ್ದಿ ಮಾಡ್ರಿ. ನಮ್ಮವ್ವ ಕಣ್ಣು ಮುಚ್ಚೋದ್ರೊಳಗ ಮೊಮ್ಮಗಳ ಮದುವಿ ನೋಡಬೇಕಂತಾಳ."

"ಇನ್ನೆರಡು ದಿನ ಕೊಡ್ರಿ, ಮಸ್ತ್ ಮಾಡಿ ಕೊಡ್ತೀನಿ" ಎಂದೆ.

ಮರುದಿನವೇ ಕಂಪ್ಯೂಟರು ಬಿಸಿಯೇರಿ ಆರಿಹೋಯಿತು. ಹಚ್ಚಿದರೆ ಮತ್ತೆ ಆರುತ್ತದೆ. ಬೈದುಕೊಂಡು ಬಿಚ್ಚಿದೆ. ಬಿಲ್ಲೆಯ ಸಂದುಗಳ ತುಂಬ ಗಂಜಿಯಂಥ ಬಿಳಿ ಲೋಳೆ! ರೇಡಿಯೇಟರಿನಲ್ಲಿ ಮೋಸ ಮಾಡಿದ್ದಾನೆಂದು ಅಂಗಡಿಯವನಿಗೆ ಫೋನು ಹಚ್ಚಿ ಅವನ ಜನ್ಮ ಜಾಲಾಡಿದೆ. ಆಮೇಲೆ ಹಿತ್ತಾಳೆ ಡಬ್ಬಿಯನ್ನು ಬೋರಲು ಹಾಕಿದರೆ ಹಳೆಯ ಹತ್ತು ಪೈಸೆಯ ನಾಣ್ಯಗಳು ಉದುರಿದವು. ಎಲ್ಲವೂ ಅಲ್ಯೂಮಿನಿಯಂನವು, ಇಲಿ ಕಡಿದಂತೆ ತಿಂದುಹೋಗಿದ್ದವು.

"ಅವ್ವಾ!" ಎಂದು ಕೂಗಿದೆ.

ಅವ್ವ ಎಮ್ಮಿಗನೂರಿನವಳು. ಕಂಪ್ಲಿ ಸೇತುವೆ ದಾಟುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಹೊಳೆಗೆ ಕಾಸು ಹಾಕಿ ಕೈ ಮುಗಿಯುವವಳು.

"ಆಯುಧ ಪೂಜಿ ದಿನ ಹಾಕೀನೋ" ಎಂದಳು. "ತಂಬಿಗಿ ಇದ್ದಂಗ ಐತಿ. ಒಳಗ ನೀರು ಹರೀತೈತಿ ಅಂತ ನೀನ ಹೇಳಿದ್ದಿ. ಹರಿಯೋ ನೀರಿಗೆ ಕಾಸು ಹಾಕಬಾರ್ದೇನು?"

"ಅಲ್ಲಬೇ, ಹಾಕೋದು ಹಾಕಿ, ಹತ್ತು ಪೈಸೆನ ಯಾಕ ಹಾಕ್ದಿ? ರೂಪಾಯಿ ಹಾಕಿದ್ರೂ ಇಷ್ಟು ಹಾಳಾಗ್ತಿರಲಿಲ್ಲ!"

"ನಡಿಯೋ ರೊಕ್ಕ ಯಾರರ ನೀರಾಗ ಹಾಕ್ತಾರೇನಲೇ?"

ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಂಗಡಿಯವನಿಗೆ ಮತ್ತೆ ಫೋನು ಮಾಡಿ ತಪ್ಪಾಯಿತೆನ್ನುವ ಕರ್ಮ ಬೇರೆ. ಬಿಟ್ಟಾನೆಯೇ ಅವನು? ಮನಸಾರೆ ನಕ್ಕು, ಹೊಸ ಬಿಲ್ಲೆ ಬರಲು ವಾರ ಬೇಕು ಎಂದ.

ಸಂಡೂರಿಗೆ ಸುದ್ದಿ ತಿಳಿಸಿದೆ. "ವಾರಾ?" ಎಂದು ಮದುಮಗಳ ತಂದೆ ಕೇಳಿದರು. ಆಮೇಲೆ, "ಅಕಿ ವಾರ ಕಾಯೂದಿಲ್ರಿ. ಇದ್ದದ್ದು ಇದ್ದಂಗ ತಗೊಂಡು ಬರ್ರಿ" ಎಂದರು. ಕತ್ತರಿಸದ, ಬಣ್ಣ ತಿದ್ದದ ವಿಡಿಯೊ ತೋರಿಸುವುದೆಂದರೆ ನನಗೆ ಅರೆಬೆಂದ ಅನ್ನ ಬಡಿಸಿದಂತೆ. ಗೊಣಗುತ್ತಲೇ ಹಾರ್ಡ್ ಡಿಸ್ಕನ್ನೂ ಗೆಳೆಯನ ಲ್ಯಾಪ್‌ಟಾಪನ್ನೂ ಹಿಡಿದು ಬಸ್ಸು ಹತ್ತಿದೆ.

ಅಜ್ಜಿ ದಿಂಬಿಗೊರಗಿ ನೋಡಿದರು. ತಾಳಿ ಕಟ್ಟುವುದನ್ನು ತೋರಿಸಿದೆ. "ಹ್ಞೂಂ, ಮುಂದ" ಎಂದರು. ಅಕ್ಷತೆ ಹಾಕುವುದನ್ನು ತೋರಿಸಿದೆ. "ಮುಂದ." ಬಿಸಿಲಲ್ಲಿ ನಿಂತು ತೆಗೆದ ಮೆರವಣಿಗೆಗೂ ಅದೇ ಮಾತು. ನನಗೆ ಒಳಗೊಳಗೇ ಉರಿಯಿತು. ಅಷ್ಟರಲ್ಲಿ ಊಟದ ಮನೆಯ ಒಂದು ವಿಡಿಯೊ ತುಣುಕು ಬಂತು. ಕ್ಯಾಮೆರಾ ಆರಿಸಲು ಮರೆತಾಗ ತಾನಾಗಿ ಸೆರೆಯಾದದ್ದು. ಬಿಸಾಡಲೆಂದೇ ಗುರುತು ಹಾಕಿಟ್ಟಿದ್ದೆ. ಮೂಲೆಯಲ್ಲಿ ಮದುಮಗಳು, ಬಾಸಿಂಗ ಬಿಚ್ಚಿ ಪಕ್ಕಕ್ಕಿಟ್ಟು, ಗಬಗಬನೆ ಹೋಳಿಗೆ ತಿನ್ನುತ್ತಿದ್ದಳು.

"ನಿಲ್ಸಪ್ಪಾ" ಎಂದರು ಅಜ್ಜಿ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಉಂಡಾಳ ನಮ್ಮ ಕೂಸು. ಗದ್ದಲದಾಗ ಉಪಾಸ ಕಳಿಸ್ಯಾರೇನೋ ಅಂತ ಜೀವ ಹೊಯ್ದಾಡಾಕ ಹತ್ತಿತ್ತು. ಸಾಕು, ಇನ್ನ ಬಂದ್ ಮಾಡು."

ಹೊಸ ಬಿಲ್ಲೆ ಬಂದು ನಾನು ಕೆಲಸಕ್ಕೆ ಕೂತಾಗ ಅಜ್ಜಿ ಇರಲಿಲ್ಲ. ಆ ತುಣುಕನ್ನು ಕತ್ತರಿಸಲು ನನಗೆ ಕೈ ಬರಲಿಲ್ಲ.